ಟುವಾಲಿನ ಕೆಳಗಿನ ಬೆಲೆ

ಅಪ್ಪ ಕಾರಿನ ಹಲ್ಲು ನೋಡುತ್ತಿದ್ದ.

ಜಯರಾಮಪ್ಪನಿಗೆ ಹಾಗೆ ಅನ್ನಿಸಿತು. ಅಪ್ಪ ಬಗ್ಗಿ, ಮುಂದಿನ ಜಾಲರಿಯ ಸಂದಿಯಲ್ಲಿ ಎರಡು ಬೆರಳು ತೂರಿಸಿ ಒಳಗೇನೋ ತಡವುತ್ತಿದ್ದ. ಆಮೇಲೆ ಹಿಂದಕ್ಕೆ ಹೋಗಿ ಮಡ್‌ಗಾರ್ಡನ್ನು ಎತ್ತಿನ ತೊಡೆ ತಟ್ಟಿದ ಹಾಗೆ ತಟ್ಟಿ, ತಟಕ್ಕನೆ ಒಂದು ಹೆಜ್ಜೆ ಹಿಂದೆ ಸರಿದ. ಒದ್ದೀತೆಂಬ ಭಯವೇನೋ. ರಾಬರ್ಟ್‌ಸನ್‌ಪೇಟೆಯ ಕುಪ್ಪುಸ್ವಾಮಿಯ ಷೆಡ್ಡಿನಲ್ಲಿ ಬೀಡಿ ಸೇದುತ್ತ ನಿಂತಿದ್ದವರು ಕಿಸಕ್ಕೆಂದರು. ಜಯರಾಮಪ್ಪ ಕರೀ ಕೋಟಿನ ಗುಂಡಿ ಹಾಕಿಕೊಂಡ.

"ಸುಳಿ ಹುಡುಕ್ತಾ ಇದ್ದೀರಾ ಅಣ್ಣಾ?" ಎಂದ ಕುಪ್ಪುಸ್ವಾಮಿ.

"ಕಬ್ಬಿಣಕ್ಕೂ ಸುಳಿ ಇರ್ತದೆ ಕಣಯ್ಯಾ. ನೋಡಾಕೆ ಬರ್ಬೇಕು ಅಷ್ಟೆ," ಎಂದ ಅಪ್ಪ, ನಗದೆ.

ಬೂದಿಕೋಟೆಯ ದೊಡ್ಡವೆಂಕಟಪ್ಪ ಎಂದರೆ ಆ ಸೀಮೆಯ ದನದ ಸಂತೆಗಳಲ್ಲೆಲ್ಲ ಗೊತ್ತು. ಹುಟ್ಟಾ ದಳ್ಳಾಳಿ. ಬಂಗಾರಪೇಟೆಯಲ್ಲಿ ಪ್ಲೀಡರಿ ಮಾಡುವ ಮಗ ಮಾತ್ರ ಯಾರಾದರೂ ಕೇಳಿದರೆ, "ತಂದೆಯವರು ವ್ಯವಸಾಯ," ಎನ್ನುತ್ತಿದ್ದ. ಸುಳ್ಳೇನಲ್ಲ. ಎರಡು ಎಕರೆ ರಾಗಿ ಹೊಲವಿತ್ತು.

ಇವತ್ತು ಆ ಅಪ್ಪನನ್ನೇ ಕರೆದುಕೊಂಡು ಬರಬೇಕಾಗಿ ಬಂದಿತ್ತು.

ಯುದ್ಧ ಶುರುವಾದ ಮೇಲೆ ಚಿನ್ನದ ಗಣಿಯ ಇಂಗ್ಲಿಷ್ ದೊರೆಗಳಲ್ಲಿ ಒಬ್ಬಿಬ್ಬರು ತಮ್ಮ ಸೀಮೆಗೆ ಹೊರಟುಹೋಗಿದ್ದರು. ಅವರು ಬಿಟ್ಟುಹೋದ ಕಾರುಗಳು ಕುಪ್ಪುಸ್ವಾಮಿಯ ಷೆಡ್ಡು ಸೇರಿದ್ದವು. ಮೊದಲು ಅದೇ ಷೆಡ್ಡಿನಲ್ಲಿ ಅವನು ಎತ್ತು ಕಟ್ಟುತ್ತಿದ್ದ. ಎತ್ತು ಹೋಗಿ ಕಾರು ಬಂದರೂ ಗೂಟ ಕಿತ್ತಿರಲಿಲ್ಲ, ವ್ಯಾಪಾರದ ರೀತಿಯನ್ನೂ ಬದಲಾಯಿಸಿರಲಿಲ್ಲ.

ಜಯರಾಮಪ್ಪ ಹಿಂದೆ ಒಬ್ಬನೇ ಬಂದಾಗ ನೇರವಾಗಿ ಕೇಳಿದ್ದ.

"ಬೆಲೆ ಎಷ್ಟು?"

"ಬೆಲೆ ಇರ್ಲಿ ಸಾರ್, ಮೊದ್ಲು ವಂಡಿ ನೋಡಿ."

"ನೋಡಿದೆ. ಬೆಲೆ?"

"ನಿಮ್ಮಂಥೋರಿಗೆ ನಾನು ಬೆಲೆ ಹೇಳೋದಾ? ನೀವೇ ಒಂದು ಮಾತು ಹೇಳಿ."

"ಮಾಲು ನಿನ್ನದು. ನೀನು ಹೇಳಬೇಕು."

"ಮನಸ್ಸು ನಿಮ್ದು ಸಾಮಿ."

ಇದೇ ಕಾರಿಗೆ ಡಾಕ್ಟರಿಗೆ ಒಂದು ಬೆಲೆ, ಕಂಟ್ರಾಕ್ಟರಿಗೆ ಇನ್ನೊಂದು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಜಯರಾಮಪ್ಪನಿಗೆ ಮೈ ಉರಿಯಿತು. ಕೋರ್ಟಿನಲ್ಲಿ ಸಾಕ್ಷಿಗಳು ತಲೆಯಾಡಿಸಿದರೆ ಅವನು ಗದರುತ್ತಿದ್ದ: ತಲೆಯಾಡಿಸಿದ್ದನ್ನು ಬರೆದುಕೊಳ್ಳಲು ಬರುವುದಿಲ್ಲ, ಬಾಯಿಬಿಟ್ಟು ಹೇಳಿ. ಕುಪ್ಪುಸ್ವಾಮಿಗೂ ಅದನ್ನೇ ಹೇಳಿದ. ಕುಪ್ಪುಸ್ವಾಮಿ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದ.

"ನಿಮ್ಮಪ್ಪನ್ನ ಕಳಿಸಿ ಸಾರ್. ಕೈಗೆ ಕೈ ಕೊಟ್ರೆ ಮುಗ್ದೋಗ್ತದೆ."

ಕಾರು ಷೋಕಿಗೆ ಬೇಕಾಗಿರಲಿಲ್ಲ. ಬೂದಿಕೋಟೆಯ ಮನೆಯಲ್ಲಿ ಹೆಂಡತಿ ಮುನಿರತ್ನಮ್ಮ ತುಂಬು ಬಸುರಿ. ಹೋದ ಸಲ ನೋವು ಕಾಣಿಸಿಕೊಂಡಾಗ ಅಪ್ಪನೇ ಗಾಡಿ ಕಟ್ಟಿದ್ದ. ಹೊಸದಾಗಿ ಸಂತೆಯಿಂದ ತಂದ ಎತ್ತು ನೊಗದ ಬಲಗಡೆಗೆ. ಅರ್ಧ ದಾರಿಯ ದಿಬ್ಬದಲ್ಲಿ ಅದು ಮಂಡಿಯೂರಿ ಕೂತುಬಿಟ್ಟಿತು. ಬಾಲ ಮುರಿದರೂ ಏಳಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡು ಮಗು.

ಆಮೇಲೆ ಆ ಎತ್ತನ್ನು ಅಪ್ಪ ಯಾರಿಗೋ ಮಾರಿಬಿಟ್ಟ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮುನಿರತ್ನಮ್ಮ ಕೂಡ ಮಾವನಿಗೆ ಹೊತ್ತು ಹೊತ್ತಿಗೆ ಮುದ್ದೆ ಇಕ್ಕುತ್ತಿದ್ದಳು. ಎಲ್ಲ ಮೊದಲಿನ ಹಾಗೇ ಇತ್ತು.

ಷೆಡ್ಡಿನಲ್ಲಿ ಈಗ ಅಪ್ಪ ಹೆಗಲ ಮೇಲಿನ ಟುವಾಲು ತೆಗೆದು ಕೊಡವಿ, ಎಡಗೈಯ ಮೇಲೆ ಹರಡಿಕೊಂಡ. ಕುಪ್ಪುಸ್ವಾಮಿ ಬೀಡಿ ಎಸೆದು ಅದರ ಕೆಳಗೆ ಕೈ ತೂರಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

"ಮಳೆ ಹೆಂಗೆ ನಿಮ್ಮ ಕಡೆ?" ಎಂದ ಕುಪ್ಪುಸ್ವಾಮಿ.

"ಎಲ್ಲಿ ಮಳೆ? ಮೋಡ ಬತ್ತದೆ, ಓಯ್ತದೆ."

ಟುವಾಲು ಒಮ್ಮೆ ಅಲುಗಿತು.

"ಮಗಳ ಮದ್ವೆ ಆಯ್ತಾ?"

"ಆಡಿ ಮಾಸ ಕಳೀಲಿ ಅಣ್ಣಾ."

ಟುವಾಲು ಮತ್ತೆ ಅಲುಗಿತು. ಮೇಲೆ ಮದುವೆ ಮಳೆ ನಡೆಯುತ್ತಿತ್ತು, ಕೆಳಗೆ ಬೆರಳುಗಳು ಬೆರಳನ್ನು ಹಿಡಿದು ಬೆಲೆಗಾಗಿ ಜಗಳವಾಡುತ್ತಿದ್ದವು. ಸುತ್ತ ನಿಂತವರಿಗೆ ಒಂದೂ ತಿಳಿಯಬಾರದು, ಅದೇ ಅದರ ನಿಯಮ. ಜಯರಾಮಪ್ಪ ತನ್ನ ಹಣದಲ್ಲಿ, ತನ್ನ ಕಾರಿಗೆ, ಸುತ್ತ ನಿಂತವರಲ್ಲಿ ಒಬ್ಬನಾಗಿ ನಿಂತಿದ್ದ.

ಚಿಕ್ಕವನಿದ್ದಾಗ ಅವನಿಗೂ ಈ ಭಾಷೆ ಕಲಿಯುವ ಆಸೆಯಿತ್ತು. ಒಂದು ದಿನ ಸಂತೆಯಲ್ಲಿ ಅಪ್ಪನ ಟುವಾಲಿನ ಕೆಳಗೆ ಕೈ ಹಾಕಿದ. ಅಪ್ಪ ಫಟೀರೆಂದು ಹೊಡೆದ. "ಇದು ನನ್ನ ತಲೆಗೇ ಮುಗೀಲಿ. ನೀನು ಬಾಯಾಗೆ ಮಾತಾಡಿ ಬದುಕೋ ಮುಂಡೇದೆ!" ಎಂದಿದ್ದ. ಓದಿಸಿದ. ಬೆಂಗಳೂರಿಗೂ ಕಳಿಸಿದ. ಜಯರಾಮಪ್ಪ ಬಾಯಲ್ಲಿ ಮಾತಾಡಿ ಬದುಕುತ್ತಿದ್ದ. ಕೋರ್ಟಿನಲ್ಲಿ ಅವನ ಪಾಟೀಸವಾಲೆಂದರೆ ಜನ ಹೆದರುತ್ತಿದ್ದರು.

"ಸರಿ ಬಿಡಯ್ಯಾ," ಎಂದು ಅಪ್ಪ ಕೈ ಹೊರಗೆಳೆದ. ಮಗನನ್ನು ಷೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಬೆಲೆ ಹೇಳಿದ.

ಜಯರಾಮಪ್ಪ ಅಂದುಕೊಂಡಿದ್ದರಲ್ಲಿ ಅರ್ಧ.

"ಯಾಕೆ ಇಷ್ಟು ಕಮ್ಮಿ?"

"ಕಮ್ಮಿ ಆದ್ರೆ ಅಳ್ತಾರೇನಪ್ಪಾ?"

"ಏನೋ ಐಬು ಇರಬೇಕು."

"ಐತೆ. ಇಂದ್ಗಡೆ ಚಕ್ರ ಒಂದು ಕುಯ್ ಅಂತದೆ. ಅವನಿಗೂ ಗೊತ್ತು, ನಂಗೂ ಗೊತ್ತು. ನಾಲ್ಕು ಜನದ ಮುಂದೆ ಬಾಯಾಗಂದ್ರೆ ಅವನ ಮಾನ ಓಗ್ತದೆ. ಕೈಯಾಗಂದ್ರೆ ಬೆಲೆ ಇಳೀತದೆ. ಅಷ್ಟೆ. ಎಣ್ಣೆ ಬಿಟ್ರೆ ಸರಿ ಓಯ್ತದೆ, ಎದ್ರಬ್ಯಾಡ."

ದೂರದಲ್ಲಿ ಮೈಸೂರು ಮೈನ್ಸಿನ ಗಿರಣಿ ಕಲ್ಲು ಕುಟ್ಟುತ್ತಲೇ ಇತ್ತು. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದಿಂದ ಬಿಳಿ ಧೂಳು ಏಳುತ್ತಿತ್ತು. ಜಯರಾಮಪ್ಪ ಸುಮ್ಮನಿರಬಹುದಿತ್ತು. ಕೆಲಸ ಆಗಿತ್ತು. ಆದರೆ ನಾಲಿಗೆ ಕೇಳಲಿಲ್ಲ.

"ಆ ಎತ್ತಿನಲ್ಲೂ ಹೀಗೇ ಏನೋ ಇತ್ತು. ಅಲ್ವಾ?"

"ಯಾವ ಎತ್ತು?"

"ನಿನಗೆ ಗೊತ್ತು."

ಅಪ್ಪ ಟುವಾಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಎಷ್ಟಕ್ಕೆ ತಂದೆ ಅದನ್ನ?"

"ಅದೆಲ್ಲಾ ಈಗ್ಯಾಕಪ್ಪಾ."

"ಎಷ್ಟಕ್ಕೆ ತಂದೆ?"

ಇದನ್ನೇ ಇಷ್ಟು ದಿನ ಕೇಳಬೇಕೆಂದು ಒದ್ದಾಡಿದ್ದು ಎಂದು ಅವನಿಗೆ ಆಗಲೇ ಗೊತ್ತಾದದ್ದು. ಅಪ್ಪ ಪೂರ್ತಿ ಬೆಲೆ ಕೊಟ್ಟು ತಂದಿದ್ದರೆ ಎತ್ತು ಸರಿಯಿತ್ತು, ಕೂತದ್ದು ಹಣೆಬರಹ. ಅಗ್ಗಕ್ಕೆ ತಂದಿದ್ದರೆ ಐಬು ಗೊತ್ತಿತ್ತು. ಗೊತ್ತಿದ್ದೂ ಸೊಸೆಯನ್ನು ಮಲಗಿಸಿದ ಗಾಡಿಗೆ ಕಟ್ಟಿದ್ದ. ಮಗುವಿನ ಸಾವು ಹಣೆಬರಹವೋ ಅಪ್ಪನೋ ಎಂಬುದು ಆ ಒಂದು ಬೆಲೆಯಲ್ಲಿತ್ತು.

"ಬಾಯಿಬಿಟ್ಟು ಹೇಳಪ್ಪ."

ಅಪ್ಪ ಬಾಯಿ ತೆರೆದ. ಏನೂ ಹೊರಡಲಿಲ್ಲ. ಆಮೇಲೆ ಅವನು ಟುವಾಲನ್ನು ಕೊಡವಿ ಎಡಗೈಯ ಮೇಲೆ ಹರಡಿಕೊಂಡ.

"ಕೈ ಕೊಡು."

ಜಯರಾಮಪ್ಪ ಕೈ ಕೊಟ್ಟ.

ಬಟ್ಟೆಯ ಕೆಳಗೆ ಬೆಚ್ಚಗಿತ್ತು. ಅಪ್ಪನ ಬೆರಳು ಅವನ ಬೆರಳುಗಳನ್ನು ಹುಡುಕಿತು. ಹಗ್ಗ ಉಜ್ಜಿ ಉಜ್ಜಿ ಗಟ್ಟಿಯಾದ ಚರ್ಮ. ಯಾವ ಕಾಲವಾಗಿತ್ತೋ ಆ ಕೈ ಮುಟ್ಟಿ. ಮೊದಲು ನಡುವಿನ ಎರಡು ಬೆರಳು ಹಿಡಿದು ಅದುಮಿತು. ಬಿಟ್ಟಿತು. ಹೆಬ್ಬೆರಳ ಗೆಣ್ಣನ್ನು ಒತ್ತಿತು. ಆಮೇಲೆ ಅಂಗೈಯಲ್ಲಿ ಏನೋ ಗೀರಿತು. ಕೊನೆಗೆ ಐದೂ ಬೆರಳನ್ನು ಒಟ್ಟಿಗೆ ಹಿಡಿದುಕೊಂಡಿತು, ಬಿಡಲಿಲ್ಲ.

"ತಿಳೀತಾ?" ಎಂದ ಅಪ್ಪ. ಕಣ್ಣಲ್ಲಿ ನೀರು ತುಂಬಿತ್ತು.

ಜಯರಾಮಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ.

ತಿಳಿಯಲಿಲ್ಲ ಎನ್ನಬಹುದಿತ್ತು. ದಳ್ಳಾಳಿ ವೆಂಕಟಪ್ಪನ ಮಗ ಕೈಭಾಷೆ ಅರಿಯದವನು ಎಂದರೆ ಯಾರ ತಲೆ ಹೋಗುತ್ತಿತ್ತು? ಆದರೆ ಎದುರಿಗೆ ಮುದುಕ ಬಾಯಿಗೆ ಬಾರದ್ದನ್ನು ಕೈಯಿಂದ ಹೊರಗೆ ಹಾಕಿ ಏದುಸಿರು ಬಿಡುತ್ತಿದ್ದ. ಇನ್ನೊಂದು ಸಲ ಹೇಳು ಎಂದು ಯಾವ ಬಾಯಿಂದ ಕೇಳುವುದು?

"ತಿಳೀತು," ಎಂದ.

"ಬಾಯಾಗೆ ಏಳಾಕೆ ಆಗ್ತಿರ್ಲಿಲ್ಲ ಕಣಪ್ಪಾ. ರಾತ್ರಿ ಎಲ್ಲಾ ನುಂಗ್ತಿದ್ದೆ. ಇವತ್ತು ಏಳ್ದೆ. ಇನ್ನು ನೀನುಂಟು, ನಿನ್ನ ಮನಸುಂಟು."

ಅಪ್ಪ ಕಾದ. ಬೈಗುಳಕ್ಕೋ, ಸಮಾಧಾನಕ್ಕೋ, ಅಂತೂ ಒಂದು ಮಾತಿಗೆ ಮುಖ ಒಡ್ಡಿಕೊಂಡು ನಿಂತ. ಜಯರಾಮಪ್ಪ ಒಳಗೆಲ್ಲ ತಡಕಾಡಿದ. ಪೂರ್ತಿ ಬೆಲೆ ಎಂದಿದ್ದರೆ ಕಾಲು ಹಿಡಿಯಬೇಕು. ಅಗ್ಗ ಎಂದಿದ್ದರೆ ಕುತ್ತಿಗೆ ಹಿಡಿಯಬೇಕು. ಯಾವುದು? ಕೋಪ ಬರಲೆಂದು ನೋಡಿದ, ಬರಲಿಲ್ಲ. ಅಳು ಬರಲೆಂದು ನೋಡಿದ. ಒಳಗೆ ಖಾಲಿ ಮಡಕೆ ಬಡಿದ ಹಾಗಿತ್ತು.

"ಆಯ್ತು ಬಿಡು," ಎಂದ.

"ಆಯ್ತು ಬಿಡು ಅಂದ್ಯಾ?"

"ಹೂಂ."

ಅಪ್ಪ ಅವನ ಮುಖವನ್ನೇ ನೋಡಿದ. ಮೇಲೆ ಮಳೆಯ ಮಾತಾಡುತ್ತ ಕೆಳಗೆ ಬೆಲೆ ಕಟ್ಟುವವರನ್ನು ಜೀವಮಾನವೆಲ್ಲ ನೋಡಿದ ಕಣ್ಣು ಅದು. ಅದಕ್ಕೆ ಏನು ಕಂಡಿತೋ, ಟುವಾಲಿನಲ್ಲಿ ಮುಖ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡಿತು ಆ ಮುದಿ ಜೀವ.

"ಸರಿ ಕಣಪ್ಪಾ. ನಾನು ನಡ್ಕಂಡು ಓಯ್ತೀನಿ. ನೀನು ದುಡ್ಡು ಕೊಟ್ಟು ಗಾಡಿ ಬಿಡಿಸ್ಕೋ. ರತ್ನಮ್ಮನ್ನ ಇದ್ರಾಗೇ ಕರ್ಕಂಡೋಗು."

"ಕಾರಿನಲ್ಲೇ ಹೋಗೋಣ, ಇರಪ್ಪ."

"ಬ್ಯಾಡ."

ಹೋಗಿಯೇಬಿಟ್ಟ.

ಹಣ ಎಣಿಸಿಕೊಂಡ ಮೇಲೆ ಕುಪ್ಪುಸ್ವಾಮಿ ಗೆಲುವಾಗಿದ್ದ. ಷೋಡಾ ತರಿಸಿದ. ಜಯರಾಮಪ್ಪ ಗೋಲಿ ಷೋಡಾದ ಬಾಟಲಿ ಹಿಡಿದು, ಯಾರೋ ಕಕ್ಷಿಗಾರನ ವಿಷಯ ವಿಚಾರಿಸುವವನಂತೆ ಕೇಳಿದ.

"ನಡುವಿನ ಎರಡು ಬೆರಳು, ಆಮೇಲೆ ಹೆಬ್ಬೆರಳ ಗೆಣ್ಣು. ಹಾಗೆಂದರೆ ಎಷ್ಟು?"

"ಯಾವ ಮಾಲಿಗೆ ಸಾರ್?"

"ಎತ್ತಿಗೆ ಅಂತಿಟ್ಟುಕೊ."

"ಎಂಥ ಎತ್ತು? ಹಲ್ಲಾಗಿರೋದಾ, ಕರುವಾ? ನೋಡಿ, ಅದೇ ಬೆರಳು ಹತ್ತೂ ಆಗ್ತದೆ, ನೂರೂ ಆಗ್ತದೆ. ಮಾಲು ನೋಡ್ದೋನಿಗೆ ಮಾತ್ರ ತಿಳೀತದೆ. ಅದೂ ಅಲ್ದೆ ನಮ್ಮ ಕಡೆ ಹಿಡಿಯೋದು ಬೇರೆ, ಬೂದಿಕೋಟೆ ಕಡೆಯೋರು ಹಿಡಿಯೋದು ಬೇರೆ. ನಿಮ್ಮಪ್ಪನ ಕೈ ಅಂತೂ ಇನ್ನೂ ಬೇರೆ."

"ಕೊನೆಗೆ ಐದೂ ಬೆರಳು ಹಿಡಿದು ಬಿಡದೆ ಇದ್ದರೆ?"

ಕುಪ್ಪುಸ್ವಾಮಿ ತಲೆ ಕೆರೆದುಕೊಂಡ.

"ಅಂಗೆ ಯಾರೂ ಹಿಡಿಯಲ್ಲ ಸಾರ್. ವ್ಯಾಪಾರದಲ್ಲಿ ಅದಿಲ್ಲ. ನೀವೇ ಕೇಳಿಬಿಡಿ, ನಿಮ್ಮಪ್ಪ ಅಲ್ವಾ?" ಎಂದು ನಕ್ಕ.

ಷೋಡಾ ಮೂಗಿಗೆ ಹತ್ತಿ ಜಯರಾಮಪ್ಪ ಕೆಮ್ಮಿದ.

ಕಾರು ಓಡಿಸಿಕೊಂಡು ಬಂದು ಬಿಡಲು ಕುಪ್ಪುಸ್ವಾಮಿ ತನ್ನ ಡ್ರೈವರ್ ಆಂಜಿನಪ್ಪನನ್ನು ಕಳಿಸಿದ. ಆಂಜಿನಪ್ಪ ವಾಚಾಳಿ. ದೊರೆಯ ನಾಯಿ ಈ ಸೀಟಿನಲ್ಲೇ ಮಲಗುತ್ತಿತ್ತಂತೆ, ದೊರೆಸಾನಿಗೆ ಈ ಕಿಟಕಿ ತೆಗೆದರೆ ತಲೆನೋವಂತೆ. ಹಿಂದಿನ ಚಕ್ರ ಕುಯ್ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ ಜಯರಾಮಪ್ಪ ತನ್ನ ಬಲಗೈಯ ನಡುವಿನ ಎರಡು ಬೆರಳನ್ನು ಎಡಗೈಯಿಂದ ಹಿಡಿದು ಅದುಮಿದ. ಹೆಬ್ಬೆರಳ ಗೆಣ್ಣು ಒತ್ತಿದ. ಮತ್ತೆ ಮೊದಲಿಂದ. ಅಪ್ಪ ಅದುಮಿದ್ದು ಒಂದು ಸಲವೋ ಎರಡು ಸಲವೋ ಎಂಬುದೇ ಈಗ ಗೊತ್ತಾಗುತ್ತಿರಲಿಲ್ಲ.

ಊರು ಮುಟ್ಟಿದ ಮೇಲೆ ಕೇಳಿಬಿಡುವುದು ಎಂದುಕೊಂಡ. ಏನೆಂದು? ತಿಳೀತು ಎಂದೆನಲ್ಲ, ತಿಳಿದಿರಲಿಲ್ಲ, ಎಂದೇ? ಅದೆಲ್ಲ ಇನ್ನೊಂದು ಸಲ ಹೇಳು ಎಂದೇ? ಇಲ್ಲವೇ ಕೇಳದೆ ಒಂದೇ ಮನೆಯಲ್ಲಿ ಎದುರುಬದುರು ಕೂತು ಉಣ್ಣುವುದು. ಅಪ್ಪ ಇವನು ಕ್ಷಮಿಸಿದನೆಂದು ಉಣ್ಣುತ್ತಾನೋ, ಕ್ಷಮಿಸಲಿಲ್ಲವೆಂದು ಉಣ್ಣುತ್ತಾನೋ. ತಾನು ಏನು ಮಾಡಿದೆನೆಂದು ತನಗೇ ಗೊತ್ತಿಲ್ಲ. ಥೂ ನನ್ನ ಜನ್ಮಕ್ಕಿಷ್ಟು, ಎಂದು ಗಟ್ಟಿಯಾಗಿಯೇ ಅಂದ.

"ಏನ್ ಸಾರ್?" ಎಂದ ಆಂಜಿನಪ್ಪ.

"ಏನಿಲ್ಲ. ನೀನು ಓಡಿಸು."

ಗಣಿಯ ಮನೆಗಳು ಮುಗಿದು ಬಯಲು ಬಂತು. ರಸ್ತೆಯ ನಟ್ಟನಡುವೆ ಒಬ್ಬ ನಡೆದು ಹೋಗುತ್ತಿದ್ದ. ನಡಿಗೆ ನೋಡಿಯೇ ಜಯರಾಮಪ್ಪನಿಗೆ ಗೊತ್ತಾಯಿತು. ಆಂಜಿನಪ್ಪ ಹಾರನ್ ಹಿಸುಕಿದ.

ಅಪ್ಪ ಹಿಂದಿರುಗಿ ನೋಡಲಿಲ್ಲ. ಲಗುಬಗೆಯಿಂದ ರಸ್ತೆ ಇಳಿದು ಜಾಲಿ ಗಿಡದ ಪಕ್ಕ ಹಳ್ಳದಲ್ಲಿ ನಿಂತ. ಈ ರಸ್ತೆಯಲ್ಲಿ ಗಣಿಯ ದೊರೆಗಳ ಕಾರು ಬಂದರೆ ಹಳ್ಳಿಯ ಜನ ಹಾಗೇ ಮಾಡುತ್ತಿದ್ದರು. ಹೆಗಲ ಮೇಲಿನ ಟುವಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ತಲೆ ಬಗ್ಗಿಸಿದ.

"ನಿಮ್ಮಪ್ಪ ಅಲ್ವಾ ಸಾರ್? ನಿಲ್ಲಿಸ್ಲಾ?"

ಆಂಜಿನಪ್ಪ ಕಾರನ್ನು ನಿಧಾನ ಮಾಡಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅಪ್ಪನ ನರೆತ ತಲೆ ಕಿಟಕಿಯ ಉದ್ದಕ್ಕೂ ಸರಿಯಿತು. ತಾನು ಬೆಲೆ ಕಟ್ಟಿದ ಕಾರನ್ನು ಅವನು ಗುರುತಿಸದೆ ಇರಲು ಸಾಧ್ಯವಿತ್ತೇ? ಜಯರಾಮಪ್ಪ ಗಾಜಿಗೆ ಮುಖವಿಟ್ಟು, ಅಪ್ಪ ತಲೆ ಎತ್ತಲೆಂದು ಕಾದ.

ಉತ್ತರ ಬಾರದ್ದನ್ನು ನೋಡಿ ಆಂಜಿನಪ್ಪ ಗೇರ್ ಬದಲಾಯಿಸಿದ. ಹಿಂದೆ ಧೂಳು ಎದ್ದು ಜಾಲಿ ಗಿಡವನ್ನು ಮುಚ್ಚಿತು. ಮುಚ್ಚುವ ತನಕ ಆ ತಲೆ ಬಗ್ಗಿಯೇ ಇತ್ತು.