ಸುಂಪಿಂಗ್ ಗುಡಿಸಿದ ಕಾಡು

ರಾನಾವ್ ಬೆಟ್ಟದ ಆ ಊರಿನಲ್ಲಿ ಯಾರ ಬಿದಿರುಮೆಳೆಯಲ್ಲಿ ಪಕ್ಮಾ ಹೂವು ಅರಳುತ್ತದೋ ಅವರು 'ಹೂವು ಅರಳಿದೆ' ಎಂದು ಬರೆಸಿ ಮನೆ ಮುಂದೆ ಹಲಗೆ ತೂಗುಹಾಕುತ್ತಾರೆ. ಅದರ ಸತ್ತ ಇಲಿಯಂಥ ನಾತ ಮೂಸಲು ಊರೆಲ್ಲ ಅಲ್ಲಿಗೆ ಓಡುತ್ತದೆ. ಎಲೆಯಿಲ್ಲ, ಕಾಂಡವಿಲ್ಲ, ಕಾಡುಬಳ್ಳಿಯ ಸಾರ ಹೀರಿ ಮೊರದಗಲ ಅರಳುವ ಸೋಮಾರಿ ಹೂವಿಗೆ ಅಷ್ಟೊಂದು ಮರ್ಯಾದೆ. ಹೋದ ಸಲ ಹಲಗೆ ತೂಗಿದ್ದು ಸುಂಪಿಂಗಳ ವಾರಗಿತ್ತಿ ರೊಂಡೊಯ್ ಮನೆ ಮುಂದೆ. ಅಂಗಳಕ್ಕೆ ಪೊರಕೆ ತೋರಿಸದ ಕೊಳಕಿ ಅವಳು. ಸುಂಪಿಂಗಳಿಗೆ ಅಂದಿನಿಂದ ಹೊಟ್ಟೆಯುರಿ.

ಈ ಸಲ ಅವಳ ಮೆಳೆಯಲ್ಲೂ ಮೊಗ್ಗು ಬಂತು. ಒಂಬತ್ತು ತಿಂಗಳು ಬಸುರಿ ಮಗಳಂತೆ ನೋಡಿಕೊಂಡಳು. ಎಲೆಕೋಸಿನಷ್ಟು ದಪ್ಪವಾದಾಗ ಹಲಗೆಯನ್ನೂ ಬರೆಸಿಟ್ಟಳು. ಬರುವ ಭಾನುವಾರ ಪಾದ್ರಿಯೇ ನೋಡಲು ಬರುವವರಿದ್ದರು. ಆಗ ಅವಳ ಕಣ್ಣು ಸುತ್ತಲಿನ ಕೊಳೆತ ಎಲೆ, ತೊಡರುಬಳ್ಳಿಗಳ ಮೇಲೆ ಬಿತ್ತು.

ಮನೆಯಳಿಯ ಲೊಜಿಯುನ್‌ನನ್ನು ಕರೆದಳು. "ಪಾದ್ರಿ ಬರೋ ಜಾಗ ಹಿಂಗಿದ್ರೆ ನನ್ನ ಮಾನ ಏನಾಗ್ಬೇಕು? ಆ ಬಳ್ಳಿಗಿಳ್ಳಿ ಎಲ್ಲಾ ಕಡಿದು ಹಾಕು."

"ಇರ್ಲಿ ಬಿಡಿ ಅತ್ತೆ. ಕಾಡು ಅಂದ್ಮೇಲೆ ಕಾಡೇ ತಾನೆ."

"ನಿನ್ನ ಸೋಮಾರಿತನಕ್ಕೆ ಕಾಡಿನ ಹೆಸರು ಹೇಳ್ಬೇಡ."

ಅಳಿಯ ಕತ್ತಿ ಬೀಸಿದ, ಅತ್ತೆ ಹಿಂದೆಯೇ ಪೊರಕೆ ಆಡಿಸಿದಳು. ಸಂಜೆಗೆ ಮೆಳೆ ಇಗರ್ಜಿಯ ನೆಲದಂತೆ ಚೊಕ್ಕಟವಾಯಿತು. ಶುಕ್ರವಾರ ಮೊಗ್ಗು ಕಪ್ಪಾಯಿತು. ಶನಿವಾರ ಬೆರಳಿಟ್ಟರೆ ಕುಸಿಯಿತು. ಕಡಿದೆಸೆದ ಬಳ್ಳಿಗಳಲ್ಲಿ ಅದಕ್ಕೆ ಉಣಿಸುತ್ತಿದ್ದ ಬಳ್ಳಿಯೂ ಸೇರಿತ್ತು. ಸುಂಪಿಂಗ್ ಪೊರಕೆ ಹಿಡಿದುಕೊಂಡೇ ಕುಳಿತು ಅತ್ತಳು.

ಭಾನುವಾರ ಹಲಗೆ ತೂಗಿತು, ಮತ್ತೆ ರೊಂಡೊಯ್ ಮನೆ ಮುಂದೆ. ಪಾದ್ರಿ ಮೂಗು ಮುಚ್ಚಿಕೊಂಡು ದೇವರ ಮಹಿಮೆ ಹೊಗಳಿ ಹೋದರು. ಎಲ್ಲರೂ ಹೋದಮೇಲೆ ಸುಂಪಿಂಗ್ ತಾನೂ ಹೋದಳು, ತಡೆಯಲಾಗಲಿಲ್ಲ. ಮೊಣಕಾಲುದ್ದ ತರಗೆಲೆ, ಹರಿದ ಚಪ್ಪಲಿ, ಎಲ್ಲದರ ನಡುವೆ ಹೂವು ಕೆಂಪಗೆ ನಾರುತ್ತ ಕೂತಿತ್ತು. ಚೆನ್ನಾಗಿತ್ತು, ಹಾಳಾದ್ದು.

ದಳದ ಮೇಲೊಂದು ಒಣ ಎಲೆ ಬಿದ್ದಿತ್ತು. ಸುಂಪಿಂಗಳ ಕೈ ತಾನಾಗಿ ಅತ್ತ ಹೋಯಿತು. ರೊಂಡೊಯ್ ಆ ಕೈಗೆ ಫಟ್ಟನೆ ಬಾರಿಸಿದಳು.

"ಅಕ್ಕಾ, ನಿಮ್ಮ ಕೈಗೆ ಕಾಯಿಲೆ ಇದೆ. ಸುಮ್ನೆ ಕೂತ್ಕೊಳಿ."

ಸುಂಪಿಂಗ್ ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಕೂತಳು. "ನನ್ನ ಮೆಳೆ ಇನ್ನು ಅಷ್ಟೇನೇನೆ?" ಎಂದು ಮೆಲ್ಲಗೆ ಕೇಳಿದಳು.

"ಬಳ್ಳಿ ಬುಡ ಇದ್ರೆ ಚಿಗುರುತ್ತೆ. ಬೀಜಾನ ಇಲಿ ತಂದ್ಹಾಕುತ್ತೆ. ಆದ್ರೆ ನಿಮ್ಮನೇಲಿ ಇಲಿ ಕೂರೋಕೆ ಜಾಗ ಎಲ್ಲಿದೆ?"

ಹೊರಡುವಾಗ ರೊಂಡೊಯ್ ಒಂದು ಬುಟ್ಟಿ ಕೊಳೆತ ಎಲೆ ತುಂಬಿ ಕೊಟ್ಟಳು. ಸುಂಪಿಂಗ್ ಅದನ್ನು ಬೆನ್ನಿಗೇರಿಸಿಕೊಂಡು, ಸಂಜೆಯ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ಬರುತ್ತಿದ್ದವರೆಲ್ಲರ ಎದುರಿಗೇ, ವಾರಗಿತ್ತಿಯ ಕಸವನ್ನು ಮನೆಗೆ ಹೊತ್ತೊಯ್ದಳು.