ಗಾಳಿ ಆಡುವ ಬದಿ

ಗಾಜಿನ ಮುಚ್ಚಳದ ಕೆಳಗೆ ಬಜಾರಪ್ಪ ಮಲಗಿದ್ದರು. ಬಿಳಿಯ ಪಂಚೆ, ಬಿಳಿಯ ಅಂಗಿ. ಎದೆಯ ಮೇಲೆ ಜೋಡಿಸಿದ ಕೈಗಳು. ಬಲಗೈಯ ಹೆಬ್ಬೆರಳಿನ ಉಗುರಲ್ಲಿ ಯಾವ ಸಾಬೂನಿಗೂ ಜಗ್ಗದ ಗ್ರೀಸಿನ ಕಪ್ಪು ಗೆರೆ. ಹಣೆಯ ವಿಭೂತಿ ಒಣಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ತಲೆಯ ಕಡೆ, ಕಾಲಿನ ಕಡೆ, ಎರಡೂ ಬದಿಗೆ ಚೆಂಡುಹೂವಿನ ಮಾಲೆಗಳು ಒಂದರ ಮೇಲೊಂದು ಬಿದ್ದು, ಪೆಟ್ಟಿಗೆಯ ಕೆಳಭಾಗವೇ ಕಾಣದಂತೆ ಮುಚ್ಚಿದ್ದವು. ಗಾಜಿನ ಒಳಮೈಯಲ್ಲಿ ಒಂದು ಹನಿ ಮೂಡಿತು. ಕೊಂಚ ಹೊತ್ತು ನಿಂತು, ಪಕ್ಕದ ಹನಿಯನ್ನು ಕೂಡಿಕೊಂಡು, ಭಾರವಾಗಿ ಕೆಳಗಿಳಿಯಿತು.

ಆ ಹನಿಯನ್ನು ಮೊದಲು ಕಂಡವಳು ಪೆಟ್ಟಿಗೆ ತಂದಿದ್ದ ನಾಗಜ್ಯೋತಿ. ಹೂವಿನೊಳಗೆ ಕೈ ತೂರಿಸಿ ಪೆಟ್ಟಿಗೆಯ ತಗಡನ್ನು ಮುಟ್ಟಿದಳು. ತಗಡು ಸುಡುತ್ತಿತ್ತು, ಸದ್ದಿರಲಿಲ್ಲ.

"ಮಷಿನ್ ನಿಂತೈತಿ," ಎಂದಳು.

ನಾಗಲದಿನ್ನೆ ಊರಿನ ಮೇಲೆ ಬೇಸಿಗೆಯ ಹತ್ತು ಗಂಟೆಯ ಬಿಸಿಲು ಏರುತ್ತಿತ್ತು. ಸೊಲ್ಲಾಪುರದಲ್ಲಿ ನರ್ಸ್ ಆಗಿರುವ ಒಬ್ಬಳೇ ಮಗಳು ಗಂಗೋತ್ರಿ ರೈಲಿನಲ್ಲಿದ್ದಳು. ಆದೋನಿಯಲ್ಲಿಳಿದು ಊರು ಸೇರುವ ಹೊತ್ತಿಗೆ ಮಧ್ಯಾಹ್ನ ಮೂರಾಗುತ್ತದೆ. "ಬಾ ಅವ್ವಾ, ಅಪ್ಪನ ಮುಖ ನೋಡ್ತಿ," ಎಂದು ಹಿಂದಿನ ಸಂಜೆಯೇ ಫೋನಿನಲ್ಲಿ ಮಾತು ಕೊಟ್ಟಿದ್ದರು ತಾಯಿ ರಾಮಲಕ್ಷ್ಮಿ. ಆ ಮಾತು ಉಳಿಯಬೇಕಾದರೆ ಈ ಪೆಟ್ಟಿಗೆ ತಣ್ಣಗಿರಬೇಕಿತ್ತು.

ಬಜಾರಪ್ಪನವರ ತಮ್ಮ ಸುಂಕಪ್ಪ ಎದ್ದು ಬಂದ. "ಕರೆಂಟ್ ಐತಿ, ಫ್ಯಾನ್ ತಿರುಗ್ತೈತಿ. ಇದಕ್ಕೇನ್ ಬಂತು? ಆದೋನಿಗೆ ಫೋನ್ ಹಚ್ರಿ, ಜಲ್ದಿ ಮೆಕಾನಿಕ್ ಬರ್ಲಿ."

ಮೂಲೆಯಲ್ಲಿ ಕೂತಿದ್ದ ನೆರೆಮನೆಯ ಮುದುಕಿ ಮೂಕಮ್ಮ ತಲೆಯೆತ್ತಿದಳು. "ಮೆಕಾನಿಕ್ ಒಳಗ ಮಲಗ್ಯಾನಲ್ಲೋ ಸುಂಕಪ್ಪಾ. ಯಾರಿಗೆ ಹಚ್ತಿ ಫೋನು?"

ಯಾರೋ ಹೆಂಗಸು ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

*

ಆರು ವರ್ಷದ ಹಿಂದೆ ಆದೋನಿಯ ಒಂದು ಓಣಿಯಲ್ಲಿ ಐದು ಜನರ ಸೇವಾ ಬಳಗವಿತ್ತು. ಸಾವಾದ ಬಡವರ ಮನೆಗೆ ತಣ್ಣನೆಯ ಪೆಟ್ಟಿಗೆಯನ್ನು ಪುಕ್ಕಟೆ ಕಳಿಸುವುದಷ್ಟೇ ಅದರ ಕೆಲಸ. ಟೈಲರಿಂಗ್ ಮಾಡುವ ನಾಗಜ್ಯೋತಿ ಅದನ್ನು ನೋಡಿಕೊಳ್ಳುತ್ತಿದ್ದಳು. ತಿಪ್ಪೇಶ ವ್ಯಾನ್ ಓಡಿಸುತ್ತಿದ್ದ. ಪೆಟ್ಟಿಗೆ ಮಾತ್ರ ಕೆಡುತ್ತಲೇ ಇತ್ತು. ಒಮ್ಮೆ ನಡುಹಗಲಲ್ಲಿ ನಿಂತು, ಸತ್ತವನ ಮಗ ಬರುವ ಮೊದಲೇ ಮಣ್ಣು ಮಾಡಬೇಕಾಯಿತು. ಆ ಮಗನ ಮುಖವನ್ನು ನಾಗಜ್ಯೋತಿ ಮರೆತಿರಲಿಲ್ಲ.

ಐಸ್ ಫ್ಯಾಕ್ಟರಿಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾಗಿದ್ದ ಬಜಾರಪ್ಪ, ಸಂಬಂಧಿಕರೊಬ್ಬರ ಸಾವಿನಲ್ಲಿ ಆ ಪೆಟ್ಟಿಗೆಯ ಕೆಟ್ಟ ಸದ್ದು ಕೇಳಿ, ಮರುದಿನ ಹುಡುಕಿಕೊಂಡು ಬಂದರು.

"ನಿಮಗ ಏನ್ ಬೇಕಾಗೈತಿ?" ಎಂದು ಕೇಳಿದರು.

"ಹೊಸಾ ಪೆಟ್ಟಿಗಿ, ಮಾಮಾ."

"ಹೊಸಾದು ಬಂದ್ರ ಅದೂ ಕೆಡ್ತೈತಿ. ನನಗ ಪ್ರತಿ ಭಾನುವಾರ ಕೊಡ್ರಿ, ಕಲಸ್ತೀನಿ."

ಎರಡೇ ತಾಸಿನಲ್ಲಿ ತಾವೇ ಸರಿಮಾಡಿ ಹೋಗಬಹುದಿತ್ತು. ಬಜಾರಪ್ಪ ಹಾಗೆ ಮಾಡಲಿಲ್ಲ. ಮಣೆಯ ಮೇಲೆ ಕೂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, "ನೀನೇ ಬಿಚ್ಚು," ಎಂದರು. ನಾಗಜ್ಯೋತಿ ತಪ್ಪು ಸ್ಕ್ರೂ ತಿರುಗಿಸಿದಾಗ ಅವರ ಹೆಗಲು ಅದುರುತ್ತಿತ್ತು. ಕೈ ಮಾತ್ರ ಮುಂದೆ ಬರುತ್ತಿರಲಿಲ್ಲ.

"ಮಾಮಾ, ನೀವ್ ಮಾಡಿದ್ರ ಇಷ್ಟೊತ್ತಿಗೆ ಮುಗೀತಿತ್ತಲ್ಲ?"

"ಮುಗೀತಿತ್ತು. ಆಮ್ಯಾಲೆ ನಾನು ಮುಗದ್ರ?"

ವರ್ಷ ತುಂಬಿದಾಗ ಬಳಗದವರು ಶಾಲು ಹೊದಿಸಲು ಹೊರಟರು. ಬಜಾರಪ್ಪ ಶಾಲು ಬೇಡವೆಂದು, ದೂಳು ತೆಗೆಯಲು ಒಂದು ಮೆತ್ತನೆಯ ಬ್ರಷ್ ಕೊಡಿಸಿಕೊಂಡು, ಅದನ್ನೂ ಪೆಟ್ಟಿಗೆಯ ಜೊತೆಯಲ್ಲೇ ಇಟ್ಟರು. ಮನೆಯಲ್ಲಿ ರಾಮಲಕ್ಷ್ಮಿ ಪ್ರತಿ ಭಾನುವಾರ ತಪ್ಪದೆ ಅನ್ನುತ್ತಿದ್ದರು: "ಮನೀ ನಲ್ಲಿ ಸೋರ್ತೈತಿ. ಈ ಯಪ್ಪ ಊರ ಹೆಣದ ಪೆಟ್ಟಿಗಿ ರಿಪೇರಿಗೆ ಹೊಂಟಾನ." ಬಜಾರಪ್ಪ ನಗುತ್ತಾ ಬಸ್ಸಿಗೆ ಹೋಗುತ್ತಿದ್ದರು. ನಲ್ಲಿ ಇಂದಿಗೂ ಸೋರುತ್ತಿತ್ತು.

*

ನಾಗಜ್ಯೋತಿ ಸ್ವಿಚ್ಚು ಆರಿಸಿದಳು. ಬದಿಯ ಮಾಲೆಗಳನ್ನು ಒಂದೊಂದಾಗಿ ತೆಗೆದು ತಿಪ್ಪೇಶನ ಕೈಗೆ ಕೊಡತೊಡಗಿದಳು.

"ಏ ಜ್ಯೋತಿ, ಏನ್ ಮಾಡ್ತಿ? ಊರಾಗಿನ ಜನ ಮರ್ಯಾದಿಗೆ ಹಾಕಿದ ಹೂವು ಅದು!" ಸುಂಕಪ್ಪ ಅಡ್ಡ ಬಂದ.

"ಹೂವಿಂದನ ನಿಂತೈತಿ ಕಾಕಾ. ಈ ಜಾಲರಿಯಿಂದ ಅದು ಉಸಿರಾಡ್ತೈತಿ. ಮುಚ್ಚಿದ್ರ ಕಾದು ಬಂದ್ ಆಗ್ತೈತಿ. ನಾನ ನೋಡ್ಕೋಬೇಕಿತ್ತು..." ಪ್ರತಿ ಮನೆಯಲ್ಲೂ ಜನರಿಗೆ ಹೇಳುವ ಆ ಎಚ್ಚರಿಕೆಯನ್ನು ಇಲ್ಲಿ ಅಳುವಿನಲ್ಲಿ ಮರೆತಿದ್ದಳು.

"ಆಕಿ ಕೆಲಸ ಆಕಿ ಮಾಡ್ಲಿ ಬಿಡು, ಸುಂಕಪ್ಪ," ಎಂದರು ರಾಮಲಕ್ಷ್ಮಿ.

ಹೂವಿನ ಕೆಳಗೆ ಊದುಬತ್ತಿಯ ಖಾಲಿ ಪೊಟ್ಟಣಗಳು, ಯಾರೋ ಒತ್ತಿಟ್ಟ ಚಾಪೆಯ ಸುರುಳಿ. ಜಾಲರಿಯ ತುಂಬ ಎಸಳುಗಳು ಅಂಟಿಕೊಂಡಿದ್ದವು. ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಉಜ್ಜಿದಳು. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನೆಲದ ಮೇಲೆ ಕೂತಳು.

"ಹಾಕು ಮತ್ತ ಸ್ವಿಚ್ಚು!"

"ಹದಿನೈದು ನಿಮಿಷ, ಕಾಕಾ. ಕಾದ ಮಷಿನ್ನಿಗೂ, ಕುಲುಕಿದ ಮಷಿನ್ನಿಗೂ ಅಷ್ಟು ಹೊತ್ತು ಸುಮ್ನಿರಾಕ ಬಿಡಬೇಕು. ಈಗ ಹಾಕಿದ್ರ ಪೂರಾ ಹೋಗ್ತೈತಿ."

"ಅಲ್ಲಿತನಾ ಅಣ್ಣ ಬಿಸಲಾಗ ಬೇಯ್ಬೇಕೇನು?" ಸುಂಕಪ್ಪ ಸ್ವಿಚ್ಚಿನತ್ತ ಹೆಜ್ಜೆ ಹಾಕಿದ.

ರಾಮಲಕ್ಷ್ಮಿ ಎದ್ದರು. ಮೆಲ್ಲಗೆ ನಡೆದು ಹೋಗಿ, ಸ್ವಿಚ್ಚಿನ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂತರು.

ಸುಂಕಪ್ಪ ಹಿಂದೆ ಸರಿದ. ಗಾಜಿನ ಮೇಲೆ ಹನಿಗಳು ಇಳಿಯುತ್ತಲೇ ಇದ್ದವು. ಸಮಯವಾದಾಗ ನಾಗಜ್ಯೋತಿ ರಾಮಲಕ್ಷ್ಮಿಯತ್ತ ನೋಡಿ ತಲೆಯಾಡಿಸಿದಳು. ಅವರು ಕೂತಲ್ಲಿಂದಲೇ ಕೈ ಎತ್ತಿ ಸ್ವಿಚ್ಚು ಒತ್ತಿದರು.

ಟಕ್ಕೆಂದಿತು. ಮತ್ತೆ ಮೌನ. ಆಮೇಲೆ ಪೆಟ್ಟಿಗೆಯ ತಳದಿಂದ, ದೂರದ ಹೊಳೆಯ ಸದ್ದಿನಂತೆ, ಸಮನಾದ ಗುಂಯ್ಗುಡುವಿಕೆ ಎದ್ದಿತು.

"ನೋಡ್ರಿ, ತಾನ ರಿಪೇರಿ ಮಾಡ್ಕೊಂಡ," ಎಂದಳು ಮೂಕಮ್ಮ. ಈ ಸಲ ನಕ್ಕವರು ಬಾಯಿ ಮುಚ್ಚಿಕೊಳ್ಳಲಿಲ್ಲ.

ಗಂಗೋತ್ರಿ ಬಂದಾಗ ಮೂರೂವರೆಯಾಗಿತ್ತು. ಗಾಜು ತಿಳಿಯಾಗಿತ್ತು. ಮುಚ್ಚಳ ಸರಿಸಿದರು. ಅವಳು ಅಪ್ಪನ ಕೆನ್ನೆಯ ಮೇಲೆ ಅಂಗೈಯಿಟ್ಟು, ಆ ಹೆಬ್ಬೆರಳಿನ ಕಪ್ಪು ಗೆರೆಯನ್ನು ಸವರಿದಳು. "ಹಂಗ ಅದಾನಲ್ಲವ್ವಾ," ಎಂದು ಅತ್ತಳು.

*

ಹೊಳೆದಂಡೆಯಲ್ಲಿ ಮಣ್ಣು ಮಾಡಿ ಜನ ಹಿಂದಿರುಗುವಷ್ಟರಲ್ಲಿ ನಾಗಜ್ಯೋತಿ ಪೆಟ್ಟಿಗೆಯನ್ನು ತೊಳೆದು ಒರೆಸಿದ್ದಳು. ದೇವನಕೊಂಡದ ಕಡೆಯ ಹಳ್ಳಿಯಿಂದ ಫೋನ್ ಬಂದಿತ್ತು. ಅಲ್ಲೊಂದು ಸಾವು, ದಾರಿಯಲ್ಲಿರುವ ಒಬ್ಬ ಮಗ.

ನಾಲ್ವರು ಪೆಟ್ಟಿಗೆ ಎತ್ತಿದರು.

"ಏ, ಪೆಟ್ಟಿಗಿ ಓರೆ ಮಾಡಬ್ಯಾಡ್ರಿ," ಹೊಸ್ತಿಲಿನಿಂದ ರಾಮಲಕ್ಷ್ಮಿಯ ದನಿ ಬಂತು. "ಅಲ್ಲಿ ಇಳಿಸಿ ಹದಿನೈದು ನಿಮಿಷ ಸುಮ್ನಿಡು, ಜ್ಯೋತಿ. ಯಾರು ಒದರಿದ್ರೂ ಕೇಳಬ್ಯಾಡ."

"ಆಯ್ತು, ಅತ್ತಿ."

"ಹೂವು ಮ್ಯಾಲೆ ಹಾಕ್ರಿ, ಬದಿಗೆ ಬ್ಯಾಡ ಅಂತ ಮೊದಲ ಹೇಳು," ಎಂದ ಸುಂಕಪ್ಪ, ಯಾರ ಮುಖವನ್ನೂ ನೋಡದೆ.

ನಾಗಜ್ಯೋತಿ ವ್ಯಾನಿನ ಹಿಂಬದಿಗೆ ಹತ್ತಿ ಪೆಟ್ಟಿಗೆಯ ಪಕ್ಕದಲ್ಲಿ ಕೂತಳು. ಜಾಲರಿಯ ಸಂದಿಯಲ್ಲಿ ಇನ್ನೂ ಒಂದು ಹಳದಿ ಎಸಳು ಉಳಿದಿತ್ತು. ಅದನ್ನು ಉಗುರಿನಿಂದ ಬಿಡಿಸಿ ಅಂಗೈಯಲ್ಲಿ ಮುಚ್ಚಿಕೊಂಡಳು. ತಿಪ್ಪೇಶ ಹೊರಗಿನಿಂದ ಬಾಗಿಲು ಎಳೆದು ಹಾಕಿದ.