ಬೀಗದ ವಿಚಾರಣೆ

ಮತ್ತೊಮ್ಮೆ ಬಾಗಿಲು ಬಡಿದ ಸದ್ದಾಗುವ ಹೊತ್ತಿಗೆ ಸ್ಮೃತಿ ಚಿಲಕಕ್ಕೆ ಕೈ ಹಾಕಿದ್ದಳು. ಹೊರಗಿನ ಕತ್ತಲಲ್ಲಿ, ಮೆಟ್ಟಿಲ ಮೇಲೆ, ಏಳೆಂಟು ಹೆಂಗಸರು ನಿಂತಿದ್ದರು. ಒಬ್ಬರ ಗುರುತೂ ಇಲ್ಲ. ಮುಂದಿದ್ದವಳು ಚಪ್ಪಲಿ ಕಳಚಿ, ಸ್ಮೃತಿಯ ಭುಜವನ್ನು ಒಮ್ಮೆ ಮುಟ್ಟಿ ಒಳಗೆ ನಡೆದಳು. ಉಳಿದವರು ಅವಳ ಹಿಂದೆ. ಕೊನೆಯಲ್ಲಿ ಬಂದವಳು ಹೊಸ್ತಿಲಲ್ಲಿ ನಿಂತು ಬುರ್ಖಾದ ಮುಖಪರದೆಯನ್ನು ಮೇಲಕ್ಕೆತ್ತಿಕೊಂಡಳು.

ನಡುಮನೆಯಲ್ಲಿ ಸ್ಮೃತಿಯ ತಾಯಿ ವನಮಾಲಾ ಚಾಪೆಯ ಮೇಲೆ ಮಲಗಿದ್ದರು. ಆ ಸಂಜೆಯಷ್ಟೇ ಕುಮಟಾದ ಆಸ್ಪತ್ರೆಯಿಂದ ಹೊನ್ನಾವರದ ಮನೆಗೆ ತಂದ ದೇಹ. ಬಂದವರು ಅದರ ಸುತ್ತ ಕುಳಿತರು, ಬಹಳ ಹಿಂದೆಯೇ ಗೊತ್ತುಮಾಡಿಕೊಂಡ ಜಾಗಗಳಲ್ಲಿ ಕುಳಿತಂತೆ.

ಕುರ್ಚಿಯಲ್ಲಿದ್ದ ಮಹಾಬಲ ಮಗಳತ್ತ ತಿರುಗಿದರು. "ಯಾರು ಇವು?"

"ಗೊತ್ತಿಲ್ಲೆ ಅಪ್ಪಾ."

ಮೊದಲು ಒಳಬಂದವಳು ತಲೆಯೆತ್ತಿದಳು. ತನ್ನ ಹೆಸರು ಅಂಬಾ, ಊರು ಗೇರುಸೊಪ್ಪ, ಈಗ ಆರೋಗ್ಯ ಇಲಾಖೆಯಲ್ಲಿ ಮೇಲ್ವಿಚಾರಕಿ ಎಂದಳು. ಬುರ್ಖಾದವಳು ಭಟ್ಕಳದ ನುಸೈಬಾ, ವಕೀಲೆ. ಎಲ್ಲರೂ ಗುಡ್ಡದ ಮೇಲಿನ ಕಾಲೇಜಿನಲ್ಲಿ ವನಮಾಲಾ ಅವರ ಬಳಿ ರಸಾಯನಶಾಸ್ತ್ರ ಓದಿದವರು.

"ನಾಳೆ ಎಷ್ಟೊತ್ತಿಗೆ ಕಾಲೇಜಿಗೆ ಕರ್ಕಂಡು ಹೋಗ್ತ್ರಿ?" ಅಂಬಾ ಕೇಳಿದಳು.

ಆ ಕಾಲೇಜಿನಲ್ಲೊಂದು ಪದ್ಧತಿಯಿತ್ತು. ದುಡಿದವರು ಯಾರೇ ತೀರಿಕೊಳ್ಳಲಿ, ಸ್ಮಶಾನಕ್ಕೆ ಹೋಗುವ ಮುನ್ನ ಹೆಬ್ಬಾಗಿಲಿನ ಎರಡೂ ಕದ ತೆರೆದು, ದೇಹವನ್ನು ಮುಖಮಂಟಪದಲ್ಲಿ ಸ್ವಲ್ಪ ಹೊತ್ತು ಇರಿಸಿ, ಮಕ್ಕಳೆಲ್ಲ ಸಾಲಾಗಿ ನಿಂತು ಕೈಮುಗಿಯುತ್ತಿದ್ದರು. ಜವಾನನಿಗೂ ಅದೇ, ಪ್ರಾಂಶುಪಾಲನಿಗೂ ಅದೇ.

"ಆಯಿಗೆ ಗೇಟು ತೆಗೆಯೋದಿಲ್ಲವಂತೆ," ಎಂದಳು ಸ್ಮೃತಿ, ತಾಯಿಯತ್ತ ನೋಡಿ. "ಬೀಗದ ವಿಚಾರಣೆ ಇನ್ನೂ ಬಾಕಿಯಂತೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನುಸೈಬಾಳ ಬಾಯಿಂದ ನಗೆಯಂಥದ್ದೊಂದು ಹೊರಟಿತು. ಹೆಣದ ಮುಂದೆ ನಕ್ಕೆನೆಂಬ ಗಾಬರಿಯಲ್ಲಿ ಅವಳು ಬಾಯಿಗೆ ಪರದೆಯ ಅಂಚು ಒತ್ತಿಕೊಂಡಳು.

*

ಇಪ್ಪತ್ತೈದು ವರ್ಷಗಳ ಹಿಂದೆ ಆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗಿದ್ದ ಶೌಚಾಲಯ ಒಂದೇ. ಅದಕ್ಕೆ ಲೇಡೀಸ್ ರೂಮ್ ಎಂದು ಹೆಸರು. ಅದರ ಬಾಗಿಲಿಗೆ ಸದಾ ಬೀಗ. ಅತಿಥಿಗಳಿಗೆ ಮತ್ತು ಅಧ್ಯಾಪಕಿಯರಿಗೆ ಮಾತ್ರ ಎಂದು ಆಡಳಿತ ಮಂಡಳಿಯ ಅಧ್ಯಕ್ಷ ಶ್ರೀರಾಮ ಹೆಗಡೆಯವರ ಆಜ್ಞೆ. ಯಾರ್ಯಾರೋ ಬಳಸಿದರೆ ಹೊಲಸಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಆ ಯಾರ್ಯಾರೋ ಯಾರೆಂಬುದು ಎಲ್ಲರಿಗೂ ತಿಳಿದಿತ್ತು. ತೋಟದ ಮನೆಗಳ ಹುಡುಗಿಯರಿಗೆ ಪೇಟೆಯಲ್ಲಿ ನೆಂಟರ ಮನೆಗಳಿದ್ದವು. ಬಿಡುವಿನಲ್ಲಿ ಹೋಗಿ ಬರುತ್ತಿದ್ದರು. ಗೇರುಸೊಪ್ಪದ ಮೊದಲ ಬಸ್ಸಿನಲ್ಲಿ ಬರುವ ಕೂಲಿಯವರ ಮಕ್ಕಳಿಗೆ, ಕೇರಿಯ ಮೀನುಗಾರರ ಮಕ್ಕಳಿಗೆ, ಭಟ್ಕಳದಿಂದ ಬರುವ ಹುಡುಗಿಯರಿಗೆ ಅಂಥ ಮನೆಯಿರಲಿಲ್ಲ. ಅವರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ತಿಂಗಳಲ್ಲಿ ಕೆಲವು ದಿನ ಕಾಲೇಜಿಗೇ ಬರುತ್ತಿರಲಿಲ್ಲ. ಆಮೇಲೆ ಬರುವುದನ್ನೇ ಬಿಡುತ್ತಿದ್ದರು.

ಕೀಲಿ ವನಮಾಲಾ ಅವರ ವಶದಲ್ಲಿತ್ತು. ಕಟ್ಟುನಿಟ್ಟಿನ ಹೆಂಗಸು. ಮಂಡಳಿಗೆ ಅವರು ಎರಡು ಸಲ ಮನವಿ ಕೊಟ್ಟರು; ಎರಡೂ ಸಲ ತಿರಸ್ಕಾರವಾಯಿತು. ಕೀಲಿಯನ್ನು ಕದ್ದುಮುಚ್ಚಿ ಕೊಡುವುದು ಅವರ ಜಾಯಮಾನವಲ್ಲ.

ಆಮೇಲೊಂದು ದಿನ ಬೀಗ ಒಡೆದಿತ್ತು.

ಹೊಸ ಬೀಗ ತರಬೇಕೆಂದರೆ ಪೇಟೆಯ ಮೂರು ಅಂಗಡಿಗಳಿಂದ ದರಪಟ್ಟಿ ಬರಬೇಕು, ಮಂಡಳಿ ಕೂಡಬೇಕು, ಅಧ್ಯಕ್ಷರ ಸಹಿ ಬೀಳಬೇಕು. ಅಷ್ಟಾಗುವುದಕ್ಕೆ ತಿಂಗಳು ಬೇಕು. ಆ ತಿಂಗಳು ಹುಡುಗಿಯರು ನೀರು ಕುಡಿದರು. ಹೊಸ ಬೀಗ ಬಿತ್ತು. ಬಿದ್ದ ವಾರದೊಳಗೆ ಅದೂ ಒಡೆಯಿತು. ಮತ್ತೆ ದರಪಟ್ಟಿ, ಮತ್ತೆ ಸಭೆ. ಐದಾರು ಬೀಗಗಳಿಗೆ ಇದೇ ಗತಿಯಾದಾಗ ಶ್ರೀರಾಮ ಹೆಗಡೆಯವರು ರಾತ್ರಿ ಕಾವಲಿನ ಸೋಮನನ್ನು ಕೆಲಸದಿಂದ ತೆಗೆಯಲು ಹೊರಟರು.

ಆಗ ವನಮಾಲಾ ಎದ್ದು ನಿಂತರು. ಬೀಗದ ಜವಾಬ್ದಾರಿ ಸೋಮನದಲ್ಲ, ತನ್ನದು. ವಿಚಾರಣೆ ನಡೆಯುವುದಾದರೆ ತನ್ನ ಮೇಲೆ ನಡೆಯಲಿ ಎಂದರು.

*

ಬೆಳಿಗ್ಗೆ ಪ್ರಾಂಶುಪಾಲ ರೂಪೇಶ ಮನೆಗೆ ಬಂದ. ತರುಣ ಉಪನ್ಯಾಸಕನಾಗಿದ್ದಾಗ ಆ ವಿಚಾರಣೆಯ ಮಾತುಗಳನ್ನೆಲ್ಲ ಬರೆದುಕೊಂಡವನು ಅವನೇ. ಅಂಗಳದಲ್ಲಿ ತಲೆ ತಗ್ಗಿಸಿ ನಿಂತು, ತನ್ನ ಕೈಯಲ್ಲಿ ಏನೂ ಇಲ್ಲವೆಂದು ವಿವರಿಸಿದ. ವಿಚಾರಣೆ ಬಾಕಿಯಿರುವವರಿಗೆ ಕಾಲೇಜಿನ ಗೌರವ ಸಲ್ಲದು ಎಂಬ ನಿಯಮವನ್ನು ಅಧ್ಯಕ್ಷರು ನಿನ್ನೆ ಫೋನಿನಲ್ಲಿ ಓದಿ ಹೇಳಿದ್ದರು.

"ಸಮಾನ ಅವಕಾಶಕ್ಕೆ ಪ್ರಶಸ್ತಿ ಬಂತು ಅಂತ ಗೇಟಿನ ಮೇಲೆ ಬೋರ್ಡು ಹಾಕೀರಿ, ಸರ್," ಎಂದಳು ಅಂಬಾ. "ಆ ಗೇಟಿನೊಳಗೆ ಅಮ್ಮೋರಿಗೆ ಜಾಗ ಇಲ್ವಾ?"

"ನಂಗೆ ನಾಚಿಕೆಯಿಲ್ಲ ಅಂದ್ಕಂಡ್ಯಾ, ಅಂಬಾ? ಒಂದು ಹೆಸರು ಸಿಕ್ಕಿದ್ರೆ ಇವತ್ತೇ ಮುಗಿಸ್ತಿದ್ದೆ. ಮೇಡಮ್ಮೋರು ಕಡೇವರೆಗೂ ಹೇಳ್ಲಿಲ್ಲ."

ಒಂದೊಂದು ಸಭೆಯಲ್ಲೂ ಅದೇ ಪ್ರಶ್ನೆ ಕೇಳುತ್ತಿದ್ದರೆಂದು ರೂಪೇಶ ನೆನಪಿಸಿಕೊಂಡ. ಬೀಗ ಒಡೆದದ್ದು ನೀವೇ? ಅಲ್ಲ ಎನ್ನುತ್ತಿರಲಿಲ್ಲ. ಹೌದು ಎನ್ನುತ್ತಿರಲಿಲ್ಲ. ಯಾರೆಂದು ಗೊತ್ತೇ? ಗೊತ್ತು. ಹೆಸರು? ಹೇಳಬೇಕೋ ಬೇಡವೋ ಯೋಚಿಸಲು ಮುಂದಿನ ಸಭೆಯವರೆಗೆ ಸಮಯ ಬೇಕು. ಹೀಗೇ ವರ್ಷಗಳು ಸರಿದವು. ಪ್ರಾಂಶುಪಾಲೆಯ ಹುದ್ದೆ ಅವರ ಕಿರಿಯರಿಗೆ ಹೋಯಿತು. ನಿವೃತ್ತಿಯ ದಿನ ಕೊಡೆ ಹಿಡಿದು ಒಬ್ಬರೇ ಗುಡ್ಡ ಇಳಿದರು.

ಅಮ್ಮನ ಹಠವನ್ನು ಸ್ಮೃತಿ ಬಾಲ್ಯದಿಂದ ಬಲ್ಲಳು. ಅದಕ್ಕಾಗಿ ಅವರೊಡನೆ ಮಾತು ಬಿಟ್ಟದ್ದೂ ಇತ್ತು. ಒಂದು ಹೆಸರು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಎಷ್ಟು ಸಲ ಕೇಳಿದ್ದಳೋ.

ನುಸೈಬಾ ಅಂಗಳಕ್ಕಿಳಿದಳು. "ಸರ್, ವಿಚಾರಣೆ ನಡೀವಾಗ ಆ ಬಾಗ್ಲಿಗೆ ಎಂತ ಮಾಡಿದ್ರಿ? ಹೊಸ ಬೀಗ ಹಾಕಿದ್ರಾ?"

"ಹಾಕೋದು ಹೇಗೆ? ಒಡೆದ ಬೀಗ, ಆ ಬಾಗ್ಲು, ಎಲ್ಲಾ ಸಾಕ್ಷ್ಯ. ವಿಚಾರಣೆ ಮುಗಿಯೋವರೆಗೆ ಇದ್ದ ಹಾಗೇ ಇರ್ಬೇಕು ಅಂತ ಮೇಡಮ್ಮೋರೇ ಮೊದಲನೇ ದಿನ ಬರೆದು ಕೊಟ್ಟು..."

ರೂಪೇಶನ ಮಾತು ಅಲ್ಲಿಗೇ ನಿಂತಿತು. ತಾನೇ ಬರೆದುಕೊಂಡದ್ದರ ಅರ್ಥ ಅವನಿಗೆ ಈಗ ಆಗಿತ್ತು.

ಹೆಸರು ಹೇಳಿದ್ದರೆ ವಿಚಾರಣೆ ಮುಗಿಯುತ್ತಿತ್ತು. ಮುಗಿದ ಮರುದಿನ ಹೊಸ ಬೀಗ ಬೀಳುತ್ತಿತ್ತು. ತಪ್ಪು ತನ್ನದೆಂದು ಒಪ್ಪಿಕೊಂಡಿದ್ದರೂ ಅಷ್ಟೇ. ಆ ಹೆಂಗಸು ಒಪ್ಪದೆ, ನಿರಾಕರಿಸದೆ, ಸಭೆಯಿಂದ ಸಭೆಗೆ ತನ್ನ ಹೆಸರನ್ನೇ ಅಡ್ಡ ಇಟ್ಟು ಬಾಗಿಲನ್ನು ತೆರೆದಿಟ್ಟಿದ್ದರು. ಅವರು ನಿವೃತ್ತರಾಗುವ ಹೊತ್ತಿಗೆ ಅದನ್ನು ಮುಚ್ಚುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಹುಡುಗಿಯರೇ ತರಗತಿಯ ಅರ್ಧಕ್ಕಿಂತ ಹೆಚ್ಚಾಗಿದ್ದರು.

ಸ್ಮೃತಿ ಒಳಗೆ ಹೋಗಿ ತಾಯಿಯ ಮುಖವನ್ನು ನೋಡಿದಳು. ಆ ಸಣ್ಣ, ಬಿಗಿದ ತುಟಿಗಳನ್ನು ಮೊದಲ ಸಲ ನೋಡುತ್ತಿದ್ದೇನೆ ಎನಿಸಿತು. ಆಮೇಲೆ ತಂದೆಯ ಕಾಲ ಬಳಿ ಕುಳಿತಳು. "ಅಪ್ಪಾ, ಬೀಗ ಒಡೆದದ್ದು ಯಾರು ಹೇಳಿ ನಿಂಗೆ ಗೊತ್ತಿದ್ದಾ?"

"ಇಲ್ಲೆ ಮಗಾ. ಒಂದು ಸಂಜೆ ತಡವಾಗಿ ಬಂತು ಆಯಿ. ಇವತ್ತು ಕಣ್ಣಾರೆ ನೋಡಿದೆ ಅಂತು. ಯಾರು ಅಂದ್ರೆ, 'ಅವ್ಕೆ ನಂಗಿಂತ ಹೆದ್ರಿಕೆ ಜಾಸ್ತಿ ಇದ್ದು. ಆದ್ರೂ ಒಡೆದ್ವು' ಹೇಳಿ ಸುಮ್ಮನಾತು." ಮಹಾಬಲ ಕಣ್ಣೊರೆಸಿಕೊಂಡರು. "ಗೊತ್ತಿದ್ದದ್ದು ಆಯಿಗೆ ಮಾತ್ರ. ಈಗ ಆ ಬಾಯಿಯೂ ಮುಚ್ಚಿ ಹೋತು."

ಹೆಸರಿಲ್ಲದೆ ವಿಚಾರಣೆ ಮುಗಿಯದು. ವಿಚಾರಣೆ ಮುಗಿಯದೆ ಗೇಟು ತೆರೆಯದು. ನಿವೃತ್ತಿಯ ದಿನದಂತೆ ಇಂದೂ ಅಮ್ಮ ಆ ಗೋಡೆಯ ಹೊರಗಿನಿಂದಲೇ ಹೋಗಬೇಕೆ? ಸ್ಮೃತಿಗೆ ಬೇಕಾಗಿದ್ದುದು ಅಷ್ಟೊಂದೇ: ಒಂದು ಸಲ, ಎರಡೂ ಕದ ತೆರೆದು, ಒಳಗೆ.

*

ಶರಾವತಿಯ ದಂಡೆಯ ಸ್ಮಶಾನಕ್ಕೆ ಹೋಗುವ ದಾರಿ ಕಾಲೇಜಿನ ಗೇಟಿನ ಮುಂದಿನಿಂದಲೇ ಸಾಗುತ್ತದೆ. ಶವದ ವ್ಯಾನು ಗುಡ್ಡದ ತಿರುವು ಹತ್ತಿದಾಗ ಚಾಲಕ ತಾನಾಗಿ ವೇಗ ತಗ್ಗಿಸಿದ. ರಸ್ತೆಯ ಎರಡೂ ಬದಿಗೆ ಹೆಂಗಸರು. ಮೀನುಬುಟ್ಟಿ ಕೆಳಗಿಟ್ಟು ಬಂದವರು, ಬ್ಯಾಂಕಿನ ಗುರುತಿನ ಚೀಟಿ ಕೊರಳಲ್ಲೇ ಇದ್ದವರು, ಹಿರೇಗುತ್ತಿಯಿಂದ ಶಾಲೆಗೆ ರಜೆ ಹಾಕಿ ಬಂದ ಟೀಚರುಗಳು, ಭಟ್ಕಳದಿಂದ ತಾಯಿಯರನ್ನೂ ಜೊತೆಗೆ ಕರೆತಂದ ನವಾಯತ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು. ಸಾಲು ತಿರುವಿನಾಚೆಗೂ ಮುಂದುವರಿದಿತ್ತು. ಯಾರೂ ಅಳುತ್ತಿರಲಿಲ್ಲ, ಘೋಷಣೆ ಕೂಗುತ್ತಿರಲಿಲ್ಲ. ಗೇಟಿನ ಸರಳುಗಳ ಹಿಂದೆ ಇಂದಿನ ವಿದ್ಯಾರ್ಥಿನಿಯರು, ಮೆಟ್ಟಿಲಿನವರೆಗೆ ಒತ್ತಾಗಿ ನಿಂತು, ಹೊರಗೆ ನೋಡುತ್ತಿದ್ದರು.

ಇಷ್ಟು ಜನ ಒಂದು ಬಾಗಿಲಿನೊಳಗಿಂದ ಹಾದುಬಂದರೇ ಎಂದು ಸ್ಮೃತಿಗೆ ಮೈ ನವಿರೆದ್ದಿತು.

ಗೇಟಿನ ಮುಂದೆ ಅಧ್ಯಕ್ಷರ ಕಾರು ಅಡ್ಡ ನಿಂತಿತ್ತು. ಎಂಬತ್ತು ದಾಟಿದ ಶ್ರೀರಾಮ ಹೆಗಡೆಯವರು ಕೋಲೂರಿ ಕೆಳಗಿಳಿದರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ, ಎಂದಿನಂತೆ ಮಡಿಲಲ್ಲಿ ಗಂಡನ ಔಷಧಿಯ ಚೀಲವಿಟ್ಟುಕೊಂಡು ಕುಳಿತಿದ್ದರು. ಮಂಡಳಿಯ ಸಭೆಗಳಿದ್ದಾಗಲೆಲ್ಲ ಆಕೆ ಕತ್ತಲಾಗುವವರೆಗೆ ಒಬ್ಬರೇ ಕಾಲೇಜಿನ ಜಗುಲಿಯಲ್ಲಿ ಹಾಗೆಯೇ ಕಾಯುತ್ತಿದ್ದರು. ಆಕೆಯ ದನಿಯನ್ನು ಕೇಳಿದವರು ಕಡಿಮೆ.

"ತೀರಿಕೊಂಡವರ ಬಗ್ಗೆ ನಂಗೆ ದ್ವೇಷ ಇಲ್ಲ," ಎಂದರು ಶ್ರೀರಾಮ ಹೆಗಡೆ. "ಒಡೆದವರ ಹೆಸರು ಹೇಳಿ. ಈಗಲೇ ವಿಚಾರಣೆ ಮುಗಿಸಿ ಗೇಟು ತೆಗೆಸ್ತೇನೆ."

ಅಂಬಾ ಮುಂದೆ ಬಂದಳು. "ನಾನೇ ಒಡೆದದ್ದು. ಬರ್ಕಣಿ."

"ಮೊದಲ ಬೀಗ ಒಡೆದಾಗ ನೀನು ಇನ್ನೂ ಹೈಸ್ಕೂಲಿನಲ್ಲಿದ್ದೆ, ತಂಗೀ."

ಅಂಬಾ ಮತ್ತೆ ಬಾಯಿ ತೆರೆದಳು. ಸ್ಮೃತಿ ಅವಳ ಕೈ ಹಿಡಿದಳು. "ಸಾಕು ಅಂಬಕ್ಕ. ಆಯಿ ಒಂದು ಸುಳ್ಳೂ ಹೇಳಲಿಲ್ಲ. ಅವಳಿಗಾಗಿ ನಾವು ಹೇಳೋದು ಬೇಡ." ವ್ಯಾನಿನತ್ತ ತಿರುಗಿ, ಮುಂದೆ ನಡೆಸುವಂತೆ ಚಾಲಕನಿಗೆ ಸನ್ನೆ ಮಾಡಿದಳು. ಎಂಜಿನ್ ಗುರುಗುಟ್ಟಿತು.

ಆಗ ಕಾರಿನ ಹಿಂದಿನ ಬಾಗಿಲು ತೆರೆಯಿತು. ಔಷಧಿಯ ಚೀಲವನ್ನು ಸೀಟಿನ ಮೇಲಿಟ್ಟು ಆ ಮುದುಕಿ ಕೆಳಗಿಳಿದರು.

"ನೀ ಎಂತಕ್ಕೆ ಇಳಿದೆ? ಕೂತ್ಗ," ಎಂದರು ಶ್ರೀರಾಮ ಹೆಗಡೆ.

ಆಕೆ ಕೂರಲಿಲ್ಲ. ಗಂಡನನ್ನು ದಾಟಿ, ದಾರಿ ಬಿಟ್ಟುಕೊಟ್ಟ ಹೆಂಗಸರ ನಡುವೆ ನಡೆದು, ವ್ಯಾನಿನ ಬಳಿ ನಿಂತರು. ಗಾಜಿನ ಮೇಲೆ ಅಂಗೈಯಿಟ್ಟು ಒಳಗೆ ಮಲಗಿದ್ದವರನ್ನು ಬಹಳ ಹೊತ್ತು ನೋಡಿದರು. ತಿರುಗಿದಾಗ ಅವರು ನೋಡಿದ್ದು ಗಂಡನನ್ನಲ್ಲ, ಗೇಟಿನ ಬಳಿ ನಿಂತಿದ್ದ ರೂಪೇಶನನ್ನು. ಚಾಲಕ ಎಂಜಿನ್ ಆರಿಸಿದ. ಅಷ್ಟು ಮೆಲ್ಲಗಿನ ದನಿ ಸಾಲಿನ ಕೊನೆಯವರೆಗೂ ಕೇಳಿಸಿತು.

"ಬರ್ಕಳಿ ಮಾಸ್ತರೇ, ಬೀಗ ಒಡೆದವಳ ಹೆಸರು ಮಾಲಿನಿ ಶ್ರೀರಾಮ ಹೆಗಡೆ."